ಕಿಟಕಿ ಕ್ಯಾಬಿನ್ನಿನ ನಕ್ಷತ್ರ

"ನಾನು ಕಳ್ಳಿ ಅಲ್ಲಮ್ಮ. ನಾಲ್ಕು ಜನಕ್ಕೆ ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಚಿಂತಾಮಣಿಯ ಪದ್ಮಮ್ಮನವರ ನಡುಮನೆಗೆ ಬಂದ ಹೆಂಗಸು ಕೂರುವುದಕ್ಕೂ ಮೊದಲು ಹೇಳಿದ ಮಾತು ಅದು. ವಯಸ್ಸು ಅರವತ್ತರ ಹತ್ತಿರ. ದಿಬ್ಬೂರಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಹಳೆಯ ಭಜನೆ ಪುಸ್ತಕ.

ಪದ್ಮಮ್ಮನವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ನಾನು, ನರೇಂದ್ರ, ಅವರ ಜೀಪಿನ ಡ್ರೈವರ್ ಆಗಿದ್ದವನು. ಜೀಪು ಹೋಯಿತು, ಕೆಲಸ ಮುಗಿಯಿತು. ಆದರೆ ಮೋಸಹೋದವರು ಅವರ ಬಾಗಿಲು ತಟ್ಟುವುದು ನಿಲ್ಲಲಿಲ್ಲ. ಹಾಗಾಗಿ ಈಗ ನನ್ನದೇ ಹಳೆಯ ಕಾರಿನಲ್ಲಿ ಅವರನ್ನು ಕರೆದುಕೊಂಡು ಹೋಗುತ್ತೇನೆ.

"ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದರು ಪದ್ಮಮ್ಮ.

ಬಂದವರ ಹೆಸರು ಕೊಂಡಮ್ಮ. ದಿಬ್ಬೂರಹಳ್ಳಿಯಲ್ಲಿ ಎಂಟು ಹೆಂಗಸರ ಭಜನಾ ಮಂಡಳಿಗೆ ಅವರೇ ಮುಂದಾಳು. ಸಂಕ್ರಾಂತಿಯ ಹಿಂದಿನ ವಾರ ಪತ್ರಿಕೆಯ ಮಡಿಕೆಯಲ್ಲಿ ಒಂದು ಕರಪತ್ರ ಬಂದಿತ್ತು. ಚೆನ್ನೈ ಬಂದರಿನಿಂದ ಮೂರು ದಿನದ ಹಡಗು ಯಾತ್ರೆ, ಸಮುದ್ರ ಕಾಣುವ ಕಿಟಕಿ ಕ್ಯಾಬಿನ್, ಒಬ್ಬರಿಗೆ ಹದಿನಾಲ್ಕು ಸಾವಿರದ ಒಂಬೈನೂರು, ಎಲ್ಲಾ ಸೇರಿ. ಎಂಟು ಜನರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಕೊಂಡಮ್ಮ ಓದಿ ಹೇಳಿದರು, ಉಳಿದವರು ಹೂಂ ಅಂದರು. ಆ ಶುಕ್ರವಾರ ಎಲ್ಲರೂ ಸೇರಿ ಕರಪತ್ರವನ್ನು ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಭಜನೆ ಪುಸ್ತಕದೊಳಗೆ ಇಟ್ಟರು. ಶಿಡ್ಲಘಟ್ಟದ ಟ್ರಾವೆಲ್ಸ್‌ಗೆ ಎಲ್ಲರೂ ಐದೈದು ಸಾವಿರ ಮುಂಗಡ ಕಟ್ಟಿದರು.

"ಹೋದ ಗುರುವಾರ ಟ್ರಾವೆಲ್ಸ್‌ನಿಂದ ಕಾಗದ ಬಂತಮ್ಮ. ಕಿಟಕಿ ಕ್ಯಾಬಿನ್ನಿಗೆ ಒಬ್ಬೊಬ್ಬರಿಗೆ ಮೂವತ್ಮೂರು ಸಾವಿರವಂತೆ! ಈ ಶುಕ್ರವಾರದೊಳಗೆ ಕಟ್ಟದಿದ್ರೆ ಮುಂಗಡವೂ ಇಲ್ವಂತೆ. ನಾನು ತಕ್ಷಣ ಕರಪತ್ರ ತೆಗೆದು ನೋಡ್ದೆ. ಸರಿಯಾಗೇ ಇತ್ತು. ಸೋಮವಾರ ಇದನ್ನ ತಗೊಂಡು ಚಿಕ್ಕಬಳ್ಳಾಪುರದ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂತ ಎಲ್ಲರಿಗೂ ಹೇಳ್ದೆ. ಟ್ರಾವೆಲ್ಸ್‌ಗೂ ಫೋನ್ ಮಾಡಿ ಹೇಳ್ದೆ. ನಿನ್ನೆ ಸೋಮವಾರ ಎಲ್ಲರ ಮುಂದೆ ಪುಸ್ತಕ ಬಿಚ್ಚಿದ್ರೆ..."

ಅವರು ಕರಪತ್ರವನ್ನು ಮೇಜಿನ ಮೇಲೆ ಹರಡಿದರು. ಪದ್ಮಮ್ಮ ನನಗೆ ಓದಲು ಹೇಳಿದರು. ದೊಡ್ಡ ಅಕ್ಷರದಲ್ಲಿ ಬೆಲೆ, ಬೆಲೆಯ ತಲೆಯ ಮೇಲೆ ಜೀರಿಗೆಯಷ್ಟು ಸಣ್ಣ ನಕ್ಷತ್ರದ ಗುರುತು. ಕೆಳತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು: ಈ ಬೆಲೆ ಕಿಟಕಿಯಿಲ್ಲದ ಒಳಕ್ಯಾಬಿನ್ನಿನಲ್ಲಿ ನಾಲ್ವರು ತಂಗಿದಾಗ ಮೂರನೆಯ ಮತ್ತು ನಾಲ್ಕನೆಯವರಿಗೆ ಮಾತ್ರ, ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆ ಪ್ರತ್ಯೇಕ. ಅದರ ಕೆಳಗೆ ವಿಳಾಸ: ಚೈತನ್ಯ ಟ್ರಾವೆಲ್ಸ್, ಚಿಂತಾಮಣಿ ರಸ್ತೆ, ಶಿಡ್ಲಘಟ್ಟ. ಮೂಲೆಯಲ್ಲಿ ಕೆಂಪು ಬೊಟ್ಟು.

"ಈ ನಕ್ಷತ್ರ ಇರ್ಲಿಲ್ಲಮ್ಮ! ಈ ಸಣ್ಣಕ್ಷರ ಇರ್ಲಿಲ್ಲ! ನಾನು ನಿಧಾನಕ್ಕೆ ಓದೋಳು ನಿಜ, ಆದ್ರೆ ಒಂದಕ್ಷರ ಬಿಡೋಳಲ್ಲ. ಈಗ ಮಂಡಳಿಯವರು ಏನಂತಾರೆ ಗೊತ್ತಾ? ಕೊಂಡಮ್ಮ ಕಮಿಷನ್ ತಿಂದವ್ಳೆ ಅಂತಾರೆ."

ಪದ್ಮಮ್ಮ ಕರಪತ್ರದ ಕೆಂಪು ಬೊಟ್ಟನ್ನು ಹೆಬ್ಬೆರಳಿನಿಂದ ಎರಡು ಸಲ ಉಜ್ಜಿದರು. ಬೆರಳನ್ನು ನೋಡಿಕೊಂಡರು. ಬೆರಳು ಶುಭ್ರವಾಗಿತ್ತು.

"ಗುರುವಾರದಿಂದ ಸೋಮವಾರದೊಳಗೆ ನಿಮ್ಮ ದೇವರ ಮನೆಗೆ ಯಾರ್ಯಾರು ಹೋಗಿದ್ರು?"

ಕೊಂಡಮ್ಮ ಯೋಚಿಸಿ ಹೇಳಿದರು. ಮೂವರೇ. ಶುಕ್ರವಾರ ಮಂಡಳಿಯ ಯಾಮಿನಿ ಜಗಳಕ್ಕೆ ಬಂದವಳು ದೇವರಿಗೆ ಕೈಮುಗಿಯುತ್ತೇನೆಂದು ಒಳಗೆ ಹೋಗಿದ್ದಳು. ಶನಿವಾರ ಭಜನೆ ಮುಗಿದ ಮೇಲೆ ಶಿರೀಷಾ ಒಬ್ಬಳೇ ಉಳಿದು ದೀಪಗಳನ್ನು ತೊಳೆದಿಟ್ಟಿದ್ದಳು. ಭಾನುವಾರ ಟ್ರಾವೆಲ್ಸ್‌ನ ಹುಡುಗಿ ಮೌನಿಕಾ ಆಧಾರ್ ನಕಲು ತೆಗೆದುಕೊಳ್ಳಲು ಬಂದು, ಕೊಂಡಮ್ಮ ಕಾಫಿ ಮಾಡುವಷ್ಟು ಹೊತ್ತು ಒಳಗೆ ದೇವರ ಪಟ ನೋಡುತ್ತಿದ್ದಳು.

"ನರೇಂದ್ರಪ್ಪ, ಕಾರು ತೆಗೀರಿ," ಎಂದರು ಪದ್ಮಮ್ಮ. ಅವರ ದನಿ ತಗ್ಗಿತ್ತು. ಆ ದನಿ ತಗ್ಗಿದರೆ ಒಳಗೆ ಏನು ಕುದಿಯುತ್ತಿರುತ್ತದೆಂದು ನನಗೆ ಗೊತ್ತು.

ದಿಬ್ಬೂರಹಳ್ಳಿಯ ಮನೆಯ ಜಗಲಿಯಲ್ಲಿ ಮಂಡಳಿಯ ಹೆಂಗಸರಲ್ಲಿ ಕೆಲವರು ಕೂತಿದ್ದರು. ಕೊಂಡಮ್ಮನನ್ನು ಕಂಡದ್ದೇ ಜಗಲಿಯ ಆ ತುದಿಗೆ ಸರಿದರು. ಪದ್ಮಮ್ಮ ನೇರ ದೇವರ ಮನೆಗೆ ಹೋದರು. ಗೂಡಿನಲ್ಲಿ ಪುಸ್ತಕವಿಡುವ ಜಾಗ, ಅದರ ಪಕ್ಕದಲ್ಲೇ ಹಿತ್ತಾಳೆ ಬಟ್ಟಲಲ್ಲಿ ಪುಡಿ ಕುಂಕುಮ. ಅದರಲ್ಲಿ ಬೆರಳದ್ದಿ, ಒಂದು ಖಾಲಿ ಕಾಗದಕ್ಕೆ ಒತ್ತಿ ಉಜ್ಜಿದರು. ಕಾಗದವೂ ಬೆರಳೂ ಕೆಂಪಾದವು. ಆಮೇಲೆ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ.

ಜಗಲಿಗೆ ಬಂದಾಗ ಯಾಮಿನಿ ಎದ್ದು ನಿಂತಿದ್ದಳು. ನಲವತ್ತೈದರ, ಗಟ್ಟಿ ಗಂಟಲಿನ ಹೆಂಗಸು.

"ನಾನು ಮಂಡಳಿಗೆ ಸೇರಿದ್ದೇ ಶಿವರಾತ್ರಿ ಆದ್ಮೇಲೆ. ಒಬ್ರು ಮಗಳ ಬಾಣಂತನಕ್ಕೆ ಅಂತ ಬಿಟ್ರು, ಅವರ ಜಾಗಕ್ಕೆ ಬಂದೆ. ಆ ಕಾಗದ ನಂಗೆ ಯಾರೂ ತೋರಿಸಿಲ್ಲ. ಈಯಮ್ಮನ ಬಾಯಿಮಾತು ನಂಬಿ ದುಡ್ಡು ಕೊಟ್ಟೆ. ಸಿಟ್ಟು ಬರಲ್ವಾ ಮೇಡಂ?"

"ಬರಲೇಬೇಕು," ಎಂದು ಪದ್ಮಮ್ಮ ಕರಪತ್ರವನ್ನು ಅವಳ ಮುಂದೆ ಹಿಡಿದರು. "ಈ ಮೂಲೇಲಿ ಇದೇನು?"

ಯಾಮಿನಿ ಕಣ್ಣು ಕಿರಿದು ಮಾಡಿದಳು. "ಏನೋ ಕೆಂಪು ಮಸಿ. ಪ್ರೆಸ್ಸಲ್ಲಿ ಚೆಲ್ಲಿರ್ಬೇಕು. ಅದಕ್ಕೂ ನನ್ನ ದುಡ್ಡಿಗೂ ಏನು ಸಂಬಂಧ?"

ಆಗ ಒಳಗಿಂದ ನೀರು ತಂದುಕೊಟ್ಟವಳು ಶಿರೀಷಾ. ಮೇಷ್ಟ್ರ ಹೆಂಡತಿ, ಮೃದು ಮಾತಿನವಳು. ಹತ್ತು ವರ್ಷದಿಂದ ಕೊಂಡಮ್ಮನ ಹಿಂದೆ ಕೂತು ದನಿಗೂಡಿಸುವವಳು. ಊರೆಲ್ಲ ಮುಖ ತಿರುಗಿಸಿದರೂ ಕೊಂಡಮ್ಮನ ಜೊತೆಗೆ ನಿಂತವಳು ಅವಳೊಬ್ಬಳೇ.

"ಅಕ್ಕ, ಹೋಗ್ಲಿ ಬಿಡು. ಆಯೋಗ ಗೀಯೋಗ ಅಂತ ಅಲೆಯೋದ್ಯಾಕೆ? ಕಣ್ಣು ತಪ್ಪಿರುತ್ತೆ, ಯಾರಿಗಾದ್ರೂ ತಪ್ಪುತ್ತೆ. ನಾನಂತೂ ಜಗಳ ಬೇಡ ಅಂತ ಶನಿವಾರವೇ ಪೂರ್ತಿ ಕಟ್ಟಿಬಿಟ್ಟೆ. ನೋಡಿ ಮೇಡಂ, ಟಿಕೆಟ್ಟೂ ಬಂತು. ನೀವೇ ಇವರಿಗೆ ಹೇಳಿ." ಬ್ಯಾಗಿನಿಂದ ಒಂದು ಕಾಗದ ತೆಗೆದು ಕೊಟ್ಟಳು.

ಪದ್ಮಮ್ಮ ಅದನ್ನು ಓದಿ ನನ್ನ ಕೈಗಿತ್ತರು. ಶಿರೀಷಾ ಹೆಸರು, ಶನಿವಾರದ ತಾರೀಖು, ಡೆಕ್ ಎಂಟು, ಬಾಲ್ಕನಿ ಕ್ಯಾಬಿನ್. ನನಗೆ ವಿಶೇಷವೇನೂ ಕಾಣಲಿಲ್ಲ. ಹಿಂದಕ್ಕೆ ಕೊಟ್ಟೆ.

ಅಲ್ಲಿಂದ ಶಿಡ್ಲಘಟ್ಟ. ಚೈತನ್ಯ ಟ್ರಾವೆಲ್ಸ್‌ನ ಗಾಜಿನ ಬಾಗಿಲ ಮೇಲೆ ಒಣಗಿದ ಮಾವಿನ ತೋರಣ, ಪಕ್ಕದಲ್ಲಿ ಫ್ಲೆಕ್ಸು: ಬಸ್ ನಿಲ್ದಾಣದ ಎದುರಿನಿಂದ ಯುಗಾದಿಯಂದು ಇಲ್ಲಿಗೆ ಬಂದಿದ್ದೇವೆ. ಒಳಗೆ ಮಾಲೀಕ ಚೈತನ್ಯ, ಮೂವತ್ತೈದರವನು, ಇಸ್ತ್ರಿ ಮಾಡಿದ ಅಂಗಿ. ಮೂಲೆಯ ಮೇಜಿನಲ್ಲಿ ಮೌನಿಕಾ ಫೋನಿನಲ್ಲಿ ಯಾರಿಂದಲೋ ಬೈಸಿಕೊಳ್ಳುತ್ತಿದ್ದಳು. "ಹೌದು ಸರ್, ಸಾರಿ ಸರ್, ಆ ರೇಟು ಬೇರೆ ಸರ್," ಎಂದು ಮೂರು ಸಲ ಹೇಳಿದ್ದು ಕೇಳಿಸಿತು.

"ಆಂಟಿ, ಇದು ಎಲ್ಲರೂ ಮಾಡೋದೇ," ಎಂದು ಚೈತನ್ಯ ನಕ್ಕ. "ಜಾಹೀರಾತಲ್ಲಿ ಸ್ಟಾರ್ಟಿಂಗ್ ಪ್ರೈಸ್ ಹಾಕ್ತೀವಿ. ಸ್ಟಾರ್ ಇದೆ, ಕಂಡೀಷನ್ ಇದೆ. ಓದ್ಕೊಳ್ದೆ ಇದ್ರೆ ನಾನೇನು ಮಾಡ್ಲಿ?"

"ಸಂಕ್ರಾಂತಿಗೆ ಹಂಚಿದ್ದು ಇದೇನಾ?"

"ಇದೇ. ಒಂದೇ ಸಲ ಪ್ರಿಂಟ್ ಹಾಕಿಸಿದ್ದು. ಬೇಕಾದ್ರೆ ಬರ್ಕೊಡ್ತೀನಿ."

"ಬರ್ಕೊಡಿ," ಎಂದರು ಪದ್ಮಮ್ಮ. ಅವನು ನಗುತ್ತಲೇ ಆ ಕರಪತ್ರದ ಹಿಂಬದಿಯಲ್ಲಿ ಬರೆದು ಸಹಿ ಹಾಕಿದ. "ಹಾಗಾದ್ರೆ ನಾಳೆ ಬೆಳಿಗ್ಗೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಲೆಕ್ಕ ಮುಗಿಸಿಬಿಡೋಣ."

ದುಡ್ಡು ಕಟ್ಟಲು ಬರುತ್ತಾರೆಂದೇ ಅವನು ತಿಳಿದ. ಬುಧವಾರ ಬೆಳಿಗ್ಗೆ ನಾವು ಹೋದಾಗ ಎಂಟು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಬಾದಾಮಿ ಹಾಲು ತರಿಸಿದ್ದ. ಹೆಂಗಸರೆಲ್ಲ ಕೂತರು. ಪದ್ಮಮ್ಮ ಮಾತ್ರ ಕೂರಲಿಲ್ಲ.

"ನನ್ನ ಸರ್ವೀಸಲ್ಲಿ ಎಷ್ಟೋ ತಕ್ಕಡಿ ಹಿಡಿದಿದ್ದೀನಿ," ಎಂದು ಶುರುಮಾಡಿದರು. "ತೂಕದಲ್ಲಿ ಐವತ್ತು ಗ್ರಾಂ ಕದಿಯೋನು ಕೂಡ ನಿನ್ನಷ್ಟು ಕದ್ದಿಲ್ಲಪ್ಪ ಚೈತನ್ಯ. ಕಿಟಕಿ ಅಂತ ಹೇಳಿ ಗೋಡೆ ಮಾರ್ತೀಯ. ಒಬ್ಬರಿಗೆ ಅಂತ ಹೇಳಿ ನಾಲ್ಕನೆಯವರ ಬೆಲೆ ತೋರಿಸ್ತೀಯ. ಇನ್ನು ಈ ಕರಪತ್ರ. ಇದು ಸಂಕ್ರಾಂತಿಯದ್ದು, ಒಂದೇ ಸಲ ಪ್ರಿಂಟಾಗಿದ್ದು ಅಂತ ಸಹಿ ಹಾಕಿದ್ದೀಯ. ವಿಳಾಸ ಓದು."

ಅವನು ಓದಲಿಲ್ಲ. ಯಾಮಿನಿ ಕಿತ್ತುಕೊಂಡು ಓದಿದಳು. "ಚಿಂತಾಮಣಿ ರಸ್ತೆ, ಶಿಡ್ಲಘಟ್ಟ."

"ಈ ಅಂಗಡಿ. ಇಲ್ಲಿಗೆ ನೀನು ಬಂದಿದ್ದು ಯುಗಾದಿಗೆ, ಬಾಗಿಲಲ್ಲೇ ಬರೆಸಿದ್ದೀಯ. ಸಂಕ್ರಾಂತಿಯ ಕಾಗದಕ್ಕೆ ಯುಗಾದಿಯ ವಿಳಾಸ ಹೇಗೆ ಬಂತು? ಹಳೇದರಲ್ಲಿ ಬಸ್ ನಿಲ್ದಾಣದ ಎದುರು ಅಂತ ಇದ್ದಿರಬೇಕು. ಅಂದ್ರೆ ಇದು ಬೇರೆ ಕಾಗದ. ಕೊಂಡಮ್ಮ ಓದಿದ್ದರಲ್ಲಿ ನಕ್ಷತ್ರ ಇರಲಿಲ್ಲ. ಆಯೋಗಕ್ಕೆ ಹೋಗ್ತೀನಿ ಅಂತ ಅವರು ಹೇಳಿದ ಮೇಲೆ ಯಾರೋ ಇದನ್ನ ಪುಸ್ತಕದಲ್ಲಿಟ್ಟು ಅದನ್ನ ಕದ್ದಿದ್ದಾರೆ."

ಎಲ್ಲರ ಕಣ್ಣೂ ಮೌನಿಕಾಳ ಕಡೆ ತಿರುಗಿತು. ಅವಳು ಎದ್ದು ನಿಂತಳು. "ದೇವ್ರಾಣೆ ನಾನಲ್ಲ ಮೇಡಂ..."

"ನೀನಲ್ಲಮ್ಮ. ಸುಮ್ಮನೆ ಕೂತ್ಕೊ." ಪದ್ಮಮ್ಮ ತಮ್ಮ ಬೆರಳನ್ನು ಮೇಲೆತ್ತಿ ತೋರಿಸಿದರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. "ಕೊಂಡಮ್ಮನವರ ಬಟ್ಟಲಲ್ಲಿರೋದು ಪುಡಿ ಕುಂಕುಮ. ಮುಟ್ಟಿದ್ರೆ ಅಂಟುತ್ತೆ. ಈ ಕರಪತ್ರದ ಬೊಟ್ಟು ಎಷ್ಟು ಉಜ್ಜಿದರೂ ಅಂಟಲ್ಲ. ಇದು ಬಾಟಲಿಯಲ್ಲಿ ಬರೋ ತಿಲಕ. ಕದಿಯೋಕೆ ಬಂದವರು ಹಳೆ ಕಾಗದದ ಬೊಟ್ಟನ್ನ ಅಲ್ಲೇ ಮೊದಲು ಕಂಡಿದ್ರೆ, ಪಕ್ಕದಲ್ಲೇ ಇದ್ದ ಬಟ್ಟಲಿನಿಂದ ಹಚ್ತಿದ್ರು. ಇದನ್ನ ಮನೆಯಲ್ಲೇ ಹಚ್ಚಿ, ಒಣಗಿಸಿ, ಸಿದ್ಧ ಮಾಡಿ ತಂದಿದ್ದಾರೆ. ಅಂದ್ರೆ ಬೊಟ್ಟು ಇರೋದು ಅವರಿಗೆ ಮುಂಚೆಯೇ ಗೊತ್ತಿತ್ತು. ಜನವರಿಯ ಪೂಜೆಯಲ್ಲಿ ಕಣ್ಣಾರೆ ನೋಡಿದ್ರು. ಮೌನಿಕಾ ಆ ಪೂಜೆಗೆ ಬಂದಿರಲಿಲ್ಲ. ಯಾಮಿನಿ ಆಗಿನ್ನೂ ಮಂಡಳಿಗೆ ಸೇರಿರಲಿಲ್ಲ, ನಿನ್ನೆ ಇದನ್ನ ಪ್ರೆಸ್ಸಿನ ಮಸಿ ಅಂದ್ರು. ದೇವರ ಮನೆಗೆ ಹೋದ ಮೂವರಲ್ಲಿ ಉಳಿದೋರು ಒಬ್ಬರು."

ಶಿರೀಷಾ ಕೈಯಲ್ಲಿದ್ದ ಬಾದಾಮಿ ಹಾಲನ್ನು ನೆಲದ ಮೇಲಿಟ್ಟಳು.

"ಇವರೆಲ್ಲರಿಂದ ಮೂವತ್ಮೂರು ಸಾವಿರ ಕೇಳ್ತಿರೋದು ಕಿಟಕಿ ಕ್ಯಾಬಿನ್ನಿಗೆ," ಎಂದರು ಪದ್ಮಮ್ಮ. "ಅಷ್ಟೇ ಕಟ್ಟಿದೆ ಅನ್ನೋ ನಿಂಗೆ ಅದಕ್ಕಿಂತ ದುಬಾರಿ ಬಾಲ್ಕನಿ ಹೇಗೆ ಬಂತು ಶಿರೀಷಾ? ಅದೂ ದೀಪ ತೊಳೆದ ಶನಿವಾರದ ತಾರೀಖಿನಲ್ಲೇ? ರಸೀದಿ ಇದ್ರೆ ತೋರಿಸು."

ರಸೀದಿ ಇರಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟಳು. "ಚೈತನ್ಯನೇ ಫೋನ್ ಮಾಡಿದ. ಒಂದು ಕಾಗದ ಬದಲಾಯಿಸಿದ್ರೆ ಬಾಲ್ಕನಿ ಫ್ರೀ ಅಂದ. ಹೇಗಿದ್ರೂ ಎಲ್ಲರೂ ಕೊನೆಗೆ ಕಟ್ಟೇ ಕಟ್ತಾರೆ, ಯಾರಿಗೇನು ನಷ್ಟ ಅಂತ..."

ಕೊಂಡಮ್ಮ ಎದ್ದರು. "ಯಾರಿಗೇನು ನಷ್ಟಾನಾ? ಮೂರು ದಿನದಿಂದ ಊರಲ್ಲಿ ನಂಗೆ ಕಳ್ಳಿ ಅಂತಿದ್ರು. ನೀನು ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರ್ತಿದ್ದೆ. ಕಣ್ಣು ತಪ್ಪಿರುತ್ತೆ ಅಕ್ಕ ಅಂತಿದ್ದೆ. ನನ್ನ ಕಣ್ಣನ್ನೇ ನಾನು ನಂಬದ ಹಾಗೆ ಮಾಡಿದ್ಯಲ್ಲೇ!"

ಚೈತನ್ಯ ಮೇಜು ಕುಟ್ಟಿದ. "ಎಲ್ಲ ಊಹೆ! ಹಳೇ ಕರಪತ್ರ ತೋರಿಸಿ ನೋಡೋಣ. ಒಂದಾದ್ರೂ ಇದ್ಯಾ ನಿಮ್ಮ ಹತ್ರ?"

ಪದ್ಮಮ್ಮನವರ ಹತ್ತಿರ ಇರಲಿಲ್ಲ. ಅದು ನನಗೂ ಗೊತ್ತಿತ್ತು.

ಆಗ ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಮೌನಿಕಾ ಎದ್ದು ಒಳಗೆ ಹೋಗಿ ಒಂದು ರಟ್ಟಿನ ಡಬ್ಬವನ್ನು ಎಳೆದು ತಂದಳು. "ಸರ್ ಸುಡೋಕೆ ಹೇಳಿದ್ರು. ಸುಟ್ಟಿಲ್ಲ." "ದಿನಾ ಫೋನಲ್ಲಿ ಬೈಸ್ಕೊಳ್ಳೋಳು ನಾನು. ಜನರಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ ನಂಗೆ. ತಗೊಳ್ಳಿ, ಇನ್ನೂರಿದೆ."

ಕಟ್ಟಿನ ಮೇಲಿನ ಕರಪತ್ರವನ್ನು ನಾನು ಎತ್ತಿ ನೋಡಿದೆ. ಬಸ್ ನಿಲ್ದಾಣದ ಎದುರು, ಶಿಡ್ಲಘಟ್ಟ. ಕಿಟಕಿ ಕ್ಯಾಬಿನ್, ಎಲ್ಲಾ ಸೇರಿ. ನಕ್ಷತ್ರವಿರಲಿಲ್ಲ.

ಚೈತನ್ಯನ ದನಿ ಅರ್ಧಕ್ಕಿಳಿಯಿತು. "ಅಮ್ಮ, ತಪ್ಪಾಯ್ತು. ಇಲ್ಲೇ ಮುಗಿಸಿಬಿಡೋಣ. ಹದಿನಾಲ್ಕು ಸಾವಿರದ ಒಂಬೈನೂರಕ್ಕೇ ಎಲ್ಲರಿಗೂ ಕಿಟಕಿ ಕೊಡ್ತೀನಿ. ಇವತ್ತೇ ಟಿಕೆಟ್ ಮಾಡಿಸ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಮುಖದಲ್ಲಿ ಆಸೆ ಕಂಡಿತು. ನಾನು ಅವರನ್ನು ತಪ್ಪು ಎನ್ನಲಾರೆ. ಪದ್ಮಮ್ಮ ಕೊಂಡಮ್ಮನ ಕಡೆ ನೋಡಿದರು.

"ಬೇಡ," ಎಂದರು ಕೊಂಡಮ್ಮ. "ಸಮುದ್ರ ಅಲ್ಲೇ ಇರುತ್ತೆ. ರೈಲಲ್ಲಿ ಹೋಗಿ ದಡದಲ್ಲಿ ನಿಂತು ನೋಡ್ತೀವಿ. ನಮಗೆ ಕಿಟಕಿ ಕೊಟ್ಟು ಬಾಯಿ ಮುಚ್ಚಿಸಿ, ನಾಳೆ ಇನ್ನೊಂದೂರಿನ ಹೆಂಗಸರಿಗೆ ಗೋಡೆ ಮಾರ್ತೀಯ. ನಡೀರಮ್ಮ."

ಮೊದಲು ಎದ್ದವಳು ಯಾಮಿನಿ. ಕೊಂಡಮ್ಮನ ಹತ್ತಿರ ಬಂದು ಅವರ ಕೈಯಿಂದ ಭಜನೆ ಪುಸ್ತಕ ತೆಗೆದುಕೊಂಡು ತನ್ನ ಕಂಕುಳಲ್ಲಿಟ್ಟುಕೊಂಡಳು. ಉಳಿದವರೂ ಎದ್ದರು. ಮೌನಿಕಾ ತನ್ನ ಊಟದ ಬ್ಯಾಗು ಹೆಗಲಿಗೇರಿಸಿ ಅವರ ಹಿಂದೆಯೇ ಹೊರಗೆ ಬಂದಳು. ಒಳಗೆ ಕುರ್ಚಿಯಲ್ಲಿ ಉಳಿದವಳು ಶಿರೀಷಾ ಒಬ್ಬಳೇ.

ಚಿಕ್ಕಬಳ್ಳಾಪುರದ ಆಯೋಗಕ್ಕೆ ಹೋಗಲು ಉಳಿದವರು ಬಸ್ಸು ಹತ್ತಿದರು. ಕೊಂಡಮ್ಮ ಮತ್ತು ಮೌನಿಕಾ ಕರಪತ್ರದ ಡಬ್ಬದ ಜೊತೆ ನನ್ನ ಕಾರಿನಲ್ಲಿ ಕೂತರು. ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸೀಟಿನಿಂದ ಮೂಗು ಸೇದುವ ಸದ್ದು ಕೇಳಿಸಿತು.

"ಕೊಂಡಮ್ಮ, ಅಳಬೇಡಿ," ಎಂದೆ.

"ಇದು ಅಳು ಅಲ್ಲ ಕಣಣ್ಣ, ಸಿಟ್ಟು. ಹತ್ತು ವರ್ಷ ನನ್ನ ಬೆನ್ನ ಹಿಂದೆ ಕೂತು ಹಾಡಿದ್ಳು." ಸೆರಗಿನಿಂದ ಮುಖ ಒರೆಸಿಕೊಂಡರು. "ಅರ್ಜಿಯಲ್ಲಿ ಅವಳ ಹೆಸರೂ ಬರೀಬೇಕಾ ಮೇಡಂ?"

"ಅದು ನಿಮ್ಮಿಷ್ಟ."

ಕಾರು ಎರಡು ಊರು ದಾಟಿತು. ಆಮೇಲೆ ಕೊಂಡಮ್ಮ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಬರೀರಿ. ದೊಡ್ಡ ಅಕ್ಷರದಲ್ಲೇ ಬರೀರಿ."

ಪದ್ಮಮ್ಮ ಕೈಚೀಲದಿಂದ ಹಾಳೆ ತೆಗೆದು, ಓಡುತ್ತಿರುವ ಕಾರಿನಲ್ಲೇ ಬರೆಯಲು ತೊಡಗಿದರು. ನಾನು ಗುಂಡಿಗಳನ್ನು ತಪ್ಪಿಸುತ್ತ ನಿಧಾನವಾಗಿ ಓಡಿಸಿದೆ.