ಲಿಸ್ಟಿಗೆ ಬರೆಯದ ಒಂದು ಸಾಲು

“ಆ ಕಮಲಾಕರ ಅನ್ನೋರಿಗೆ ಏನ್ರೀ ಕಷ್ಟ? ನನ್ನ ಕೋಡನ್ನ ಮತ್ತೆ ವಾಪಸ್ ಕಳಿಸಿದಾರೆ. ಯಾರೋ ಸಿಡುಕು ಮುದುಕ ಇರ್ಬೇಕು!”

ಚೆನ್ನೈನ ಪೋರೂರಿನ ಕಾಲೇಜೊಂದರಲ್ಲಿ ಉಚಿತ ತಂತ್ರಾಂಶದವರ ಸಭೆ. ಪಕ್ಕದಲ್ಲಿ ಕಾಫಿ ಹಿಡಿದು ನಿಂತವನು ಕನ್ನಡದವನೆಂದು ತಿಳಿದ ಖುಷಿಗೆ ಸುಮತಿ ಬಾಯಿಬಿಟ್ಟಿದ್ದಳು.

ಅವನು ನಗು ತಡೆಯಲು ತುಟಿ ಕಚ್ಚಿಕೊಂಡ. “ಮುದುಕ ಅಲ್ಲ ಮೇಡಂ. ಸಿಡುಕು ಮಾತ್ರ ನಿಜ.”

ಸುಮತಿಯ ಕಿವಿ ಕೆಂಪಾಯಿತು. ಅವನು ಆ ಕೆಂಪನ್ನೇ ನೋಡುತ್ತಾ ಕಾಫಿ ಆರಿಸಿಕೊಂಡ.

ಅದು 2005. ಮೈಸೂರಿನ ಸುಮತಿ ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿದ್ದಳು. ಬಿಡುವಿನಲ್ಲಿ ‘ಓಲೆ’ ಎಂಬ ಕನ್ನಡ ಬರೆಯುವ ಉಚಿತ ತಂತ್ರಾಂಶಕ್ಕೆ ಕೋಡ್ ಬರೆಯುತ್ತಿದ್ದಳು. ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲು ತೆರೆದ ಕೂಡಲೇ ಎಲ್ಲ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡ್‌ಗೆ ಬದಲಾಗಬೇಕು, ಅದು ಅವಳ ಆಸೆ. ಕಮಲಾಕರ ಅಲ್ಲೇ ಪೆರಂಬೂರಿನಲ್ಲಿ ಬೆಳೆದ, ರೈಲ್ವೆ ನೌಕರರ ಮನೆಯವನು. ಓಲೆಗೆ ಏನು ಸೇರಬೇಕೆಂದು ತೀರ್ಮಾನಿಸುವವನು. ಹೊಸದೇನಿದ್ದರೂ ಮೊದಲು ಪರೀಕ್ಷಾ ಆವೃತ್ತಿಗೆ; ಅಲ್ಲಿ ನಾಲ್ಕು ಜನ ಬಳಸಿ, ಬೈದು, ತಿದ್ದಿಸಿದ ಮೇಲಷ್ಟೇ ಎಲ್ಲರ ಕೈಗೆ. ಆ ನಿಯಮ ಮಾಡಿದವನೂ ಅವನೇ.

ಭಾನುವಾರಗಳು ಅವರದಾದವು. ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಯಲ್ಲಿ ಒಂದೇ ಡಜನ್ ಬಳೆ ಕೊಡಲು ಒಪ್ಪದವನ ಹತ್ತಿರ ಕಮಲಾಕರ ಸುಮತಿಗಾಗಿ ತಮಿಳಿನಲ್ಲಿ ಗೋಗರೆದ.

“ಕೋಡಿಗೆ ಇಷ್ಟು ಬೇಗ ಸೋಲಲ್ವಲ್ಲ ನೀನು?” ಅಂದಳು ಸುಮತಿ.

“ಕೋಡು ನನ್ನನ್ನ ಹೀಗೆ ಪಾರ್ಕಲ್ವೇ,” ಅಂದ ಅವನು. ಅವನ ಕನ್ನಡದಲ್ಲಿ ‘ನೋಡು’, ‘ಬಿಡು’ ಎನ್ನುವುದಕ್ಕೆಲ್ಲ ತಮಿಳಿನ ಮಾತೇ ಬರುತ್ತಿತ್ತು.

ಹೊಸ ಆವೃತ್ತಿ ಹೊರಡುವ ವಾರವೇ ಸುಮತಿಯ ಹುಟ್ಟುಹಬ್ಬ. “ದೊಡ್ಡ ಫೈಲಲ್ಲಿ ಒತ್ತಕ್ಷರ ಬಿದ್ದೋಗ್ತಿದೆ. ನನ್ನ ಕೋಡು ಈ ಸಲ ಬೇಡ,” ಎಂದು ಅವಳು ಮೊದಲೇ ಹೇಳಿದ್ದಳು. ಅವನು ಕೇಳಲಿಲ್ಲ. ಪರೀಕ್ಷೆಗೆ ಬಿಡದೆ ನೇರವಾಗಿ ಸೇರಿಸಿಬಿಟ್ಟ.

“ಗಿಫ್ಟ್ ಇದು. ಅಷ್ಟು ದೊಡ್ಡ ಫೈಲ್ ಯಾರು ತೆರೀತಾರೆ, ವಿಡು.”

ತೆಗೆದುಬಿಡು ಎನ್ನಬೇಕಿತ್ತು. ಬಿಡುಗಡೆಯ ಪುಟದಲ್ಲಿ ತನ್ನ ಹೆಸರು ಕಂಡು ಅವಳ ಬಾಯಿ ಕಟ್ಟಿತು.

ವಿಮಾ ಕಂಪನಿಯಿಂದ ನಿವೃತ್ತರಾದ ಶಂಕರನಾರಾಯಣ ಎಂಬುವರು ಅಂಥ ಫೈಲು ತೆರೆದರು. ಹೆಂಡತಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಅವರು ಅದರಲ್ಲಿ ಟೈಪ್ ಮಾಡಿಟ್ಟಿದ್ದರು. ಆಕೆ ಈಗ ಇರಲಿಲ್ಲ. ಒತ್ತಕ್ಷರಗಳೆಲ್ಲ ಉದುರಿ, ಹಳೆಯದರ ಮೇಲೇ ಸೇವ್ ಆಗಿತ್ತು. “ಇನ್ನು ಯಾರನ್ನ ಕೇಳಿ ತಿದ್ದಲಿ?” ಎಂದು ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಬರೆದರು.

ಲಿಸ್ಟು ಸುಮತಿಯ ಮೇಲೆ ಮುಗಿಬಿತ್ತು. ಕಮಲಾಕರ ಬಾಯಿ ತೆರೆಯಲಿ ಎಂದು ಅವಳು ಕಾದಳು. ಕೊನೆಗೆ ಅವನು ಬರೆದ: “ಟೆಸ್ಟ್ ಮಾಡಿದ್ದೇನೆ ಎಂದು ಕೋಡ್ ಬರೆದವರೇ ಹೇಳಿದ್ದರು. ನಂಬಿದೆ.”

ಆಫೀಸಿನಲ್ಲಿ ಕುಳಿತು ಅದನ್ನು ಓದಿದವಳು ಎದ್ದು ಹೊರಗೆ ಬಂದಳು. ಫೋನ್ ಮಾಡಿದರೆ, “ಗಾಬರೀಲಿ ಬರೆದೆ. ಸರಿಮಾಡ್ತೀನಿ,” ಅಂದ.

ಮಾಡಲಿಲ್ಲ. ಸುಮತಿ ತಾನೇ ಕೂತು ದೋಷ ಹುಡುಕಿ ತಿದ್ದಿದಳು. ಕಮಲಾಕರನಿಗಲ್ಲ, ಓಲೆಯ ಇನ್ನೊಬ್ಬ ಪರಿಶೀಲಕ ಬದರಿನಾಥರಿಗೆ ಕಳಿಸಿದಳು. ಅವರು ಅದನ್ನು ಪರೀಕ್ಷಾ ಆವೃತ್ತಿಯಲ್ಲಿ ವಾರಗಟ್ಟಲೆ ಇಟ್ಟು, ಬರೆದವರು ಯಾರೆಂದು ನೋಡದ ಜನರಿಂದ ಜಾಲಾಡಿಸಿ, ಆಮೇಲೆ ಬಿಡುಗಡೆ ಮಾಡಿದರು. ಶಂಕರನಾರಾಯಣರಿಗೆ ಅವಳೇ ಫೋನ್ ಮಾಡಿ ಹೇಳಿದಳು.

“ಒಳ್ಳೇದಮ್ಮ, ಬೇರೆಯವರದ್ದಾದ್ರೂ ಉಳೀಲಿ,” ಅಂದರು ಅವರು.

ಆ ಭಾನುವಾರ ಪೋರೂರು ಕೆರೆಯ ಏರಿಯ ಮೇಲೆ ಕಮಲಾಕರ ಕೇಳಿದ, “ಅಪ್ಪಾವೋಡ ಮಾತಾಡಿದೀನಿ. ಮದ್ವೆ ಆಗೋಣ್ವಾ?”

ಇಷ್ಟು ದಿನ ಕಾದ ಮಾತು. ಆದರೂ ಸುಮತಿ ಕೇಳಿದಳು, “ಲಿಸ್ಟಿಗೆ ನಿಜ ಬರೆದ್ಯಾ?”

“ಎಲ್ಲಾರೂ ಮರೆತ್ರು, ಸುಮಾ. ಈಗ ಬರೆದ್ರೆ ನನ್ನನ್ನ ಯಾರು ನಂಬ್ತಾರೆ?”

“ನಾನು ನಂಬ್ತಿದ್ದೆ.”

ಅವನು ನೀರಿನ ಕಡೆ ತಿರುಗಿದ. “ನನ್ನ ಮೇಲೆ ಪ್ರೀತಿ ಇಲ್ವಾ?”

“ಇದೆ ಕಣೋ. ನಾಳೆ ಬೆಳಗ್ಗೆನೂ ಇರುತ್ತೆ. ಏನ್ ಮಾಡ್ಲಿ ಹೇಳು?”

ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡು ಬಸ್‌ಸ್ಟಾಪಿನತ್ತ ನಡೆದಳು. ಅವನು ಕರೆಯಬಹುದೆಂದು ಹೆಜ್ಜೆ ನಿಧಾನ ಮಾಡಿದಳು. ಬಸ್ಸು ಬಂತು, ಹತ್ತಿದಳು.