ಎಡಬದಿಯ ಕೀಲಿಗಳು

ಅಮೆರಿಕದ ಆರೆಗನ್ನಿನ ಮರದ ಮಿಲ್ಲಿನಲ್ಲಿ, ನಿಲ್ಲಿಸಿದ್ದ ಗರಗಸವನ್ನು ನಾನು ಒರೆಸುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ತಿರುಗತೊಡಗಿ ನನ್ನ ಎಡಗೈಯನ್ನು ಕತ್ತರಿಸಿ ಹಾಕಿತು. ಆಮೇಲೆ ಅಂಗವಿಕಲರ ತರಬೇತಿ ಕೇಂದ್ರದ ಐಡೆಲ್ಲಾ, ಬಲಗೈಯೊಂದರಿಂದ, ಬಲಬದಿಯ ಕೀಲಿಗಳಲ್ಲೇ ಟೈಪ್ ಮಾಡಲು ಬರುವಂತೆ ಮಿಲ್ಲಿನ ಕಚೇರಿಯ ಕಂಪ್ಯೂಟರನ್ನು ಹೊಂದಿಸಿಕೊಟ್ಟಳು.

ಒಂದು ಮಧ್ಯಾಹ್ನ ಅಪಘಾತದ ವರದಿ ಬರೆಯಲು ಕುಳಿತೆ. ಜೊತೆ ಕೆಲಸಗಾರ ವರ್ನ್ ಬೆನ್ನ ಹಿಂದೆಯೇ ನಿಂತಿದ್ದ.

“ಯಾರ ತಪ್ಪೂ ಇಲ್ಲ ಅಂತ ಬರಿಯೋ, ಒಂಟಿಗೈ ವೀರ!”

ಹಾಗೇ ಒತ್ತಿದೆ. ಪರದೆಯ ಮೇಲೆ ಮೂಡಿದ್ದು ಬೇರೆ: ‘ಗರಗಸ ಚಾಲೂ ಮಾಡಿದವನು ವರ್ನ್.’ ನಾನು ಮುಟ್ಟದ ಎಡಬದಿಯ ಕೀಲಿಗಳು ತಾವಾಗಿಯೇ ಕುಸಿದು ಏಳುತ್ತಿದ್ದವು. ಹಸಿ ಮರದ ಹೊಟ್ಟಿನ ವಾಸನೆ ಬರುತ್ತಿತ್ತು.

“ಅಳಿಸೋ ಅದನ್ನ!” ಎಂದು ವರ್ನ್ ಕೈ ಚಾಚಿದ. ಕೈ ಕೀಲಿಗಳ ಮೇಲೇ ಸಿಕ್ಕಿಕೊಂಡಿತು. ಅವನು ಕಿರುಚುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಲಟಕ್ಕನೆ ಮುರಿದವು. ನಾನು ಎಳೆದೆ, ಬಿಡಿಸಲಾಗಲಿಲ್ಲ.

ಆಸ್ಪತ್ರೆಯಲ್ಲಿ ಅವನ ಮಣಿಕಟ್ಟಿನ ಮೇಲೆ ಉಗುರು ನೆಟ್ಟ ಗಾಯಗಳನ್ನು ನೋಡಿ ಡಾಕ್ಟರು ಕೇಳಿದರು: “ಇದು ಎಡಗೈ ಹಿಡಿತ. ಹಿಡಿದಿದ್ದು ಯಾರಪ್ಪಾ?”

ಕಚೇರಿಯ ಆ ಕೋಣೆಯಲ್ಲಿದ್ದವರು ನಾವಿಬ್ಬರೇ. ಹಿಡಿತಕ್ಕೆ ಸಿಕ್ಕಿ ಮುರಿದದ್ದು ವರ್ನ್‌ನ ಎಡಗೈಯೇ.