ಕಿಟಕಿಯಲ್ಲಿ ಕೇಳಿದ ಪದಗಳು

"ಏಳಕ್ಷರ. ಒಂದು ಕೆ ಇರ್ಬೇಕು, ಕೊನೆಗೆ ಟಿ," ಎಂದಳು ಅವಳು, ಕಿಟಕಿಯೊಳಗೆ ತಲೆ ತೂರಿಸಿ.

ಅವನ ಕೈಯಲ್ಲಿ ಯಾರದೋ ಮೇಲ್ದವಡೆಯ ಮೇಣದ ಅಚ್ಚಿತ್ತು. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಮುಂದಿನ ಕೋಣೆಯಲ್ಲಿ ಕೂತು ಬಂದವರಿಗೆ ಸಮಯ ಕೊಡುವುದು, ಹೆದರಿದವರಿಗೆ ಧೈರ್ಯ ಹೇಳುವುದು ಅವಳ ಕೆಲಸ. ನಡುವಿನ ಗೋಡೆಯಲ್ಲಿ ಅಚ್ಚುಗಳನ್ನು ದಾಟಿಸಲೆಂದು ಒಂದು ಪುಟ್ಟ ಕಿಟಕಿ. ಅದರಲ್ಲಿ ಅಚ್ಚುಗಳಿಗಿಂತ ಹೆಚ್ಚಾಗಿ ಆಸ್ಪತ್ರೆಗೆ ಬರುವ ಪೇಪರಿನ ಪದಬಂಧದ ಇಂಗ್ಲಿಷ್ ಪದಗಳೇ ಓಡಾಡುತ್ತಿದ್ದವು.

ಕೆಲಸ ಹಿಡಿದರೆ ಪಕ್ಕದಲ್ಲಿ ಗುಡುಗಿದರೂ ತಲೆ ಎತ್ತದ ಆಸಾಮಿ ಅವನು. ಡಾಕ್ಟರಮ್ಮ ಮೌನಿ ಮಹಾರಾಜ ಎಂದೇ ಕರೆಯುತ್ತಿದ್ದರು. ಆದರೆ ಪದ ಹುಡುಕುವಾಗ ಮಾತ್ರ ಕೈ ತಾನಾಗಿಯೇ ನಿಲ್ಲುತ್ತಿತ್ತು. ಕಣ್ಣಿಗೂ ಒಂದು ಜಾಗ ಬೇಕಲ್ಲ, ಅದು ಹೋಗಿ ಅವಳ ಮುಖದ ಮೇಲೆ ಕೂರುತ್ತಿತ್ತು.

"ಕಿಚನ್?"

"ಕೊನೆಗೆ ಟಿ ಅಂದೆ."

"ಬ್ಲಾಂಕೆಟ್."

"ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ," ಎಂದು ಅವಳು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರೆದುಕೊಂಡಳು. ಬರೆಯುವಾಗ ತುಟಿ ಕಚ್ಚಿ ನಗು ತಡೆದಂತೆ ಕಂಡಿತು. ಪಾಪ, ಇಂಗ್ಲಿಷ್ ಅಷ್ಟಕ್ಕಷ್ಟೇ, ಅದಕ್ಕೆ ನಾಚಿಕೆ ಎಂದುಕೊಂಡ ಅವನು. ಹಲ್ಲಿನ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣು ಅವನದು. ಎದುರಿಗಿದ್ದ ಮುಖವನ್ನು ಓದಲು ಮಾತ್ರ ಅದಕ್ಕೆ ಬರಲಿಲ್ಲ.

ಒಂದು ಸಲ ಅವನಿಗೂ ಪದ ಹೊಳೆಯಲಿಲ್ಲ. ಸಂಜೆಯವರೆಗೂ ಯೋಚಿಸಿ ಸೋತ. "ಹೋಗ್ಲಿ ಬಿಡಿ," ಎಂದು ಅವಳು ಸಮಾಧಾನ ಹೇಳಿದರೂ ಅವನಿಗೆ ಮನಸ್ಸು ತಡೆಯಲಿಲ್ಲ. ಪಾಪದ ಹುಡುಗಿ, ತನ್ನನ್ನೇ ನಂಬಿಕೊಂಡಿದ್ದಾಳೆ ಎನ್ನಿಸಿತು. ರಜೆಯ ದಿನವೆಲ್ಲ ಕೂತು ಹುಡುಕಿ, ಎಷ್ಟಕ್ಷರ, ಯಾವ್ಯಾವ ಅಕ್ಷರ ಎಂದು ಒತ್ತಿದರೆ ಪದಗಳನ್ನೆಲ್ಲ ಮುಂದಿಡುವ ಒಂದು ಆ್ಯಪ್ ಪತ್ತೆ ಮಾಡಿದ. ಮರುದಿನ ಅವಳ ಫೋನ್ ಇಸಿದುಕೊಂಡು ತಾನೇ ಹಾಕಿಕೊಟ್ಟ. ಉಡುಗೊರೆ ಕೊಡುವವನ ಹಿಗ್ಗು ಅವನಿಗೆ.

"ಇನ್ಮೇಲೆ ನನ್ನನ್ನ ಕೇಳೋ ತಾಪತ್ರಯ ಇಲ್ಲ ನೋಡಿ," ಎಂದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಂಕೋಚದಲ್ಲಿ ಇನ್ನೂ ಒಂದು ಮಾತು ಜಾರಿತು. "ನಿಮಗೂ ಆರಾಮ, ನನಗೂ ಆರಾಮ."

ಅವಳು ಫೋನನ್ನೂ ಅವನನ್ನೂ ಒಮ್ಮೆ ನೋಡಿದಳು. "ತೊಂದರೆ ಕೊಟ್ಟೆ ಅಲ್ವಾ ಇಷ್ಟು ದಿನ," ಎಂದಳು, ಮೆಲ್ಲಗೆ. ಅವನು ಛೆ ಛೆ ಎನ್ನುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಯಾರೋ ಕರೆದರು.

ಆಮೇಲೆ ಕಿಟಕಿಯಲ್ಲಿ ಅಚ್ಚುಗಳಷ್ಟೇ ಬಂದವು. ಆ್ಯಪ್ ಚೆನ್ನಾಗಿ ಕೆಲಸ ಮಾಡುತ್ತಿರಬೇಕೆಂದು ಅವನು ತನಗೆ ತಾನೇ ಹೇಳಿಕೊಂಡ. ಎದೆ ಭಣಗುಟ್ಟುತ್ತಿತ್ತು. ಆದರೂ ಬಾಯಿಬಿಟ್ಟು ಕೇಳಲಿಲ್ಲ, ಮೌನಿ ಮಹಾರಾಜನಲ್ಲವೇ. ಕೆಲವು ತಿಂಗಳು ಕಳೆದ ಮೇಲೆ ಅವಳು ಅದೇ ಕಿಟಕಿಯಲ್ಲಿ ನಿಂತು, ರೋಗಿಗೆ ಸಮಯ ಹೇಳುವ ದನಿಯಲ್ಲೇ, ತನಗೆ ಮದುವೆ ಗೊತ್ತಾಗಿದೆ ಎಂದಳು. ಒಳ್ಳೇದಾಯ್ತು ಎಂದ ಅವನು. ಆವತ್ತು ಉಜ್ಜುತ್ತಿದ್ದ ಹಲ್ಲನ್ನು ಉಜ್ಜಿ ಉಜ್ಜಿ ಸವೆಸಿ, ಕೊನೆಗೆ ಎಸೆಯಬೇಕಾಯಿತು.

ಅವಳು ಕೆಲಸ ಬಿಡುವ ದಿನ ಅವಳಪ್ಪ ಬಂದರು. ಮಗಳ ಮದುವೆ ಫೋಟೋದಲ್ಲಿ ಬೊಚ್ಚುಬಾಯಿ ಕಾಣಬಾರದೆಂಬ ಹಟ ಅವರದು. ಸೆಟ್ಟು ಮಾಡಿದವನು ಅವನೇ. ಇಷ್ಟು ಮನಸ್ಸಿಟ್ಟು ಅವನು ಯಾರ ಹಲ್ಲನ್ನೂ ಮಾಡಿರಲಿಲ್ಲ. ಡಾಕ್ಟರಮ್ಮ ಅದನ್ನು ಕೂರಿಸಿ, ಸರಿಹೋಯಿತೇ ನೋಡಲು ಏನಾದರೂ ಮಾತಾಡಿ ಎಂದರು. ಅವನು ಪಕ್ಕದಲ್ಲಿ ನಿಂತು ಅವರ ತುಟಿಯನ್ನೇ ನೋಡುತ್ತಿದ್ದ. ಅಪ್ಪನಿಗೆ ಮಾತಾಡಲು ಮಗಳಲ್ಲದೆ ಬೇರೆ ವಿಷಯವಿರಲಿಲ್ಲ.

"ಇನ್ನು ಬೆಳಿಗ್ಗೆ ನನ್ನ ಪೇಪರ್ ನನಗೇ ಸಿಗುತ್ತೆ ಬಿಡಿ. ನಾನು ಶೇವ್ ಮಾಡಿ ಬರೋದ್ರೊಳಗೆ ಆ ಇಂಗ್ಲಿಷ್ ಪದಬಂಧ ಪೂರ್ತಿ ತುಂಬಿಟ್ಟಿರ್ತಾಳೆ. ಒಂದು ಪದಾನೂ ಬಿಡಲ್ಲ. ಚಿಕ್ಕೋಳಿದ್ದಾಗಿಂದ ಹಂಗೇ."

ಸೆಟ್ಟು ಚೆನ್ನಾಗಿ ಕೂತಿತ್ತು. ಒಂದಕ್ಷರವೂ ತೊದಲಲಿಲ್ಲ.

ಅವನು ಹಿಂದಿನ ಕೋಣೆಗೆ ಬಂದು, ಮೊದಲ ಬಾರಿಗೆ ತನ್ನ ಕಡೆಯಿಂದ ಕಿಟಕಿ ತೆಗೆದ. ಅವಳು ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದಳು.

"ಪದ ಎಲ್ಲಾ ನಿಮಗೆ ಮೊದ್ಲೇ ಗೊತ್ತಿರ್ತಿತ್ತಾ?"

ಅವಳ ಕೈ ನಿಂತಿತು. "ಅಪ್ಪ ಹೇಳಿದ್ರಾ?"

"ಮತ್ತೆ ಯಾಕೆ ಕೇಳ್ತಿದ್ರಿ?"

"ನೀವು ತಲೆ ಎತ್ತಿ ನೋಡ್ತಿದ್ದಿದ್ದು ಆವಾಗ ಮಾತ್ರ," ಎಂದಳು ಅವಳು. "ಅದಕ್ಕೇ."

ನೀವು ಹೋಗೋದು ನನಗೆ ಇಷ್ಟ ಇಲ್ಲ ಎಂದ. ಯಾವತ್ತೋ ಆಡಬೇಕಿದ್ದ ಮಾತು, ಈಗ ಹೊರಬಂದಿತ್ತು. ಅವಳು ಬೈದಿದ್ದರೆ ಎಷ್ಟೋ ಮೇಲಿತ್ತು. ಬೈಯಲಿಲ್ಲ, ನಿಧಾನವಾಗಿ ಹೇಳಿದಳು. ಹುಡುಗ ಒಳ್ಳೆಯವನು, ದಿನಾ ಮಧ್ಯಾಹ್ನ ಊಟ ಆಯ್ತಾ ಎಂದು ಫೋನ್ ಮಾಡಿ ಕೇಳುತ್ತಾನೆ, ತಾನು ಮನಸ್ಸಾರೆ ಒಪ್ಪಿ ಮಾತು ಕೊಟ್ಟಾಗಿದೆ.

"ಆವತ್ತು ನನಗೂ ಆರಾಮ ಅಂದ್ರಲ್ಲ, ನಾನು ನಂಬಿಬಿಟ್ಟೆ," ಎಂದಳು.

ಆಮೇಲೆ ಅವಳು ಮೇಜಿನ ಮೇಲಿದ್ದ ಪೇಪರ್ ಎಳೆದುಕೊಂಡು, ಪೆನ್ಸಿಲ್ ತೆಗೆದು, ಹಿಂದಿನಂತೆಯೇ ಕಿಟಕಿಗೆ ಮುಖ ತಂದಳು. ಕಣ್ಣಂಚು ಒದ್ದೆಯಾಗಿತ್ತು.

"ಆರಕ್ಷರ. ಮೊದಲು ಡಬ್ಲ್ಯೂ, ಕೊನೆಗೂ ಡಬ್ಲ್ಯೂ. ಗಾಳಿ ಬೆಳಕು ಒಳಗೆ ಬಿಡುತ್ತೆ."

ಉತ್ತರವಾದ ಕಿಟಕಿಯ ಚೌಕಟ್ಟಿನ ಮೇಲೇ ಅವನ ಮೊಣಕೈ ಇತ್ತು. ಎಳೆಮಗುವೂ ಹೇಳುವ ಪದ. ಅವನು ಹೇಳಲಿಲ್ಲ. ಹುಬ್ಬು ಗಂಟಿಕ್ಕಿ, ಯೋಚಿಸುವವನಂತೆ ಅವಳ ಮುಖವನ್ನೇ ನೋಡಿದ. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆಯಿದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ.

ಹೊರಗಿನಿಂದ ಅಪ್ಪ, ಹೊಸ ಹಲ್ಲಿನ ಸ್ಪಷ್ಟ ದನಿಯಲ್ಲಿ, ಹೊರಡೋಣವೇ ಎಂದು ಮಗಳನ್ನು ಕರೆದರು.

"ಹೊಳೀತಿಲ್ಲ," ಎಂದ ಅವನು.

"ಪರವಾಗಿಲ್ಲ," ಎಂದಳು ಅವಳು, ಅಲುಗಾಡದೆ ನಿಂತು. "ಇನ್ನೊಂಚೂರು ಯೋಚನೆ ಮಾಡಿ."